ಒಪ್ಪಂದವೇ ಇಲ್ಲದ ಯುದ್ಧ: ಆಸ್ಟ್ರೇಲಿಯಾದ ನೆಲ ಕೈಬದಲಾದ ಬಗೆ

ಮೂರನೇ ಮೈಸೂರು ಯುದ್ಧದ ಪಾಠವನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದ ಆಯಿತು. ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ. ಇಬ್ಬರು ಗಂಡುಮಕ್ಕಳನ್ನು ಒತ್ತೆ ಇಟ್ಟ. ಅದನ್ನು ಅನ್ಯಾಯ ಅನ್ನಿ, ಅವಮಾನ ಅನ್ನಿ, ಅಲ್ಲಿ ಒಂದು ಕಾಗದವಂತೂ ಇತ್ತು. ಈ ನೆಲಕ್ಕೆ ಒಬ್ಬ ದೊರೆ ಇದ್ದಾನೆ ಎಂದು ಒಪ್ಪಿಕೊಂಡೇ ಬ್ರಿಟಿಷರು ಅವನಿಂದ ನೆಲ ಕಿತ್ತುಕೊಂಡರು.

ಆ ಯುದ್ಧದಲ್ಲಿ ಬ್ರಿಟಿಷರ ಕಡೆ ಲಾಕ್ಲನ್ ಮಕ್ವಾರಿ ಎಂಬ ಸ್ಕಾಟ್ಲೆಂಡಿನ ಅಧಿಕಾರಿ ಇದ್ದ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇದ್ದ. 1810ರಲ್ಲಿ ಅವನೇ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನ ಗವರ್ನರ್ ಆದ. ಸಿಡ್ನಿಯಲ್ಲಿ ಮಕ್ಕಳಿರುವ ನಮ್ಮವರಿಗೆ ಈ ಹೆಸರು ಹೊಸದಲ್ಲ. ಅಲ್ಲಿ ಮಕ್ವಾರಿ ಬೀದಿ ಇದೆ, ಮಕ್ವಾರಿ ವಿಶ್ವವಿದ್ಯಾಲಯ ಇದೆ. 1816ರಲ್ಲಿ ಇದೇ ಮಕ್ವಾರಿ ಸಿಡ್ನಿಯ ಸುತ್ತಲಿನ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿದ. ಸತ್ತ ಗಂಡಸರ ಹೆಣಗಳನ್ನು ಎಲ್ಲರಿಗೂ ಕಾಣುವಂತೆ ಮರಕ್ಕೆ ತೂಗುಹಾಕಿ ಎಂದೂ ಆಜ್ಞೆ ಕೊಟ್ಟ. ಏಪ್ರಿಲ್ 17ರಂದು, ಇನ್ನೂ ಬೆಳಕು ಹರಿಯುವ ಮುಂಚೆ, ಆಪಿನ್ ಎಂಬಲ್ಲಿ ಕ್ಯಾಪ್ಟನ್ ಜೇಮ್ಸ್ ವಾಲಿಸ್‌ನ ತುಕಡಿ ಮಲಗಿದ್ದವರ ಮೇಲೆ ಬಿತ್ತು. ಕೆಲವರು ಗುಂಡಿಗೆ ಸತ್ತರು. ಕೆಲವರು ಓಡುವಾಗ ಕಣಿವೆಗೆ ಬಿದ್ದು ಸತ್ತರು. ಹೆಂಗಸರು, ಮಕ್ಕಳು ಸೇರಿ ಕನಿಷ್ಠ 14 ಜನ.

ಆದರೆ ಅಲ್ಲಿ ಒಪ್ಪಂದ ಆಗಲಿಲ್ಲ. ಆ ದೇಶದಲ್ಲಿ 1788ರಿಂದ 1920ರ ದಶಕದವರೆಗೆ ಇಂಥ ಕಾಳಗ, ಕೊಲೆಗಳು ನೂರಾರು ಕಡೆ ನಡೆದವು. ಬ್ರಿಟಿಷ್ ಸರ್ಕಾರ ಮಾತ್ರ ಇಡೀ ಖಂಡದಲ್ಲಿ ಯಾರೊಂದಿಗೂ ಒಂದು ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಟಿಪ್ಪುವಿನ ಎದುರು ಕೂತು ಕಾಗದ ಬರೆದವರು ಇಲ್ಲಿ ಯಾಕೆ ಬರೆಯಲಿಲ್ಲ? ಈ ಪ್ರಶ್ನೆ ಹಿಡಿದು ಹೋದರೆ ಇಡೀ ಕಥೆ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ನೆಲ ಯಾರದ್ದು?

ಜೇಮ್ಸ್ ಕುಕ್ 1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಗೆ ಬಂದಾಗ ಅವನ ಹತ್ತಿರ ಲಂಡನ್ನಿನ ಗುಟ್ಟಿನ ಸೂಚನೆಗಳಿದ್ದವು. ಅಲ್ಲಿನ ಜನರ ಒಪ್ಪಿಗೆ ಪಡೆದು ಅನುಕೂಲವಾದ ಜಾಗಗಳನ್ನು ವಶಕ್ಕೆ ತೆಗೆದುಕೋ ಎಂದು ಅದರಲ್ಲಿ ಬರೆದಿತ್ತು. ಕುಕ್ ಯಾರ ಒಪ್ಪಿಗೆಯನ್ನೂ ಪಡೆಯಲಿಲ್ಲ. ಒಂದು ಸಣ್ಣ ದ್ವೀಪದಲ್ಲಿ ಬಾವುಟ ನೆಟ್ಟು, ಇಡೀ ಪೂರ್ವ ಕರಾವಳಿ ಇಂಗ್ಲೆಂಡಿನ ರಾಜನದ್ದು ಎಂದ. 1788ರ ಜನವರಿ 26ರಂದು ಗವರ್ನರ್ ಆರ್ಥರ್ ಫಿಲಿಪ್ ಸಿಡ್ನಿಯಲ್ಲಿ ಬಾವುಟ ಹಾರಿಸಿದ. 11 ಹಡಗುಗಳಲ್ಲಿ ಬಂದ ಸಾವಿರಕ್ಕೂ ಹೆಚ್ಚು ಜನರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಕೈದಿಗಳು. ನಮಗೆ ಗಣರಾಜ್ಯೋತ್ಸವದ ದಿನವಾದ ಜನವರಿ 26 ಅಲ್ಲಿಯವರಿಗೆ ಆಸ್ಟ್ರೇಲಿಯಾ ದಿನ. ಅದೇ ದಿನವನ್ನು ಅಲ್ಲಿನ ಮೂಲನಿವಾಸಿಗಳಲ್ಲಿ ಹಲವರು ದಾಳಿಯ ದಿನ ಎಂದು ಕರೆಯುತ್ತಾರೆ.

ಆ ಹೊತ್ತಿಗೆ ಅಲ್ಲಿ ಜನ ಬದುಕಲು ಶುರುಮಾಡಿ 50,000 ವರ್ಷಕ್ಕೂ ಹೆಚ್ಚಾಗಿತ್ತು. 250ಕ್ಕೂ ಹೆಚ್ಚು ಭಾಷೆಗಳಿದ್ದವು. ಬೇಲಿ ಇರಲಿಲ್ಲ, ಪಹಣಿ ಇರಲಿಲ್ಲ. ಹಾಗಂತ ನೆಲ ಯಾರದ್ದು ಅಂತ ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ನಮ್ಮ ಊರುಗಳಲ್ಲಿ ಗೋಮಾಳ, ದೇವರಕಾಡು ಇರುತ್ತವಲ್ಲ, ಯಾರ ಹೆಸರಿನಲ್ಲೂ ಪತ್ರ ಇಲ್ಲದಿದ್ದರೂ ಅದರ ಗಡಿ ಊರಿನ ಮುದುಕರಿಗೆ ಕಲ್ಲು ಕಲ್ಲಾಗಿ ಗೊತ್ತಿರುತ್ತದೆ. ಹಾಗೆಯೇ ಅಲ್ಲಿಯೂ ಈ ಹಳ್ಳದಿಂದ ಆ ಗುಡ್ಡದವರೆಗೆ ಈ ಕುಲದ್ದು, ಆಚೆಯದು ಇನ್ನೊಬ್ಬರದ್ದು ಎಂಬುದು ಹಾಡಿನಲ್ಲಿ, ಕಥೆಯಲ್ಲಿ, ಸಂಬಂಧದಲ್ಲಿ ಇತ್ತು. ಬೇರೆಯವರ ನೆಲಕ್ಕೆ ಕಾಲಿಡುವ ಮುಂಚೆ ಕೇಳಬೇಕಿತ್ತು. ಲೆಕ್ಕ ಹಾಕಿ ಹುಲ್ಲಿಗೆ ಬೆಂಕಿ ಕೊಟ್ಟು ಹೊಸ ಚಿಗುರು ಬರಿಸಿ ಕಾಂಗರೂಗಳನ್ನು ಕರೆಯುತ್ತಿದ್ದರು. ಇಂದಿನ ವಿಕ್ಟೋರಿಯಾ ರಾಜ್ಯದ ಬುಡ್ಜ್ ಬಿಮ್ ಎಂಬಲ್ಲಿ ಗುಂಡಿಟ್‌ಜ್‌ಮಾರ ಜನ ಕಲ್ಲಿನ ಕಾಲುವೆ ಕಟ್ಟಿ ಹಾವುಮೀನು ಸಾಕುತ್ತಿದ್ದರು. ಆ ಕಾಲುವೆಗಳು 6,000 ವರ್ಷಕ್ಕೂ ಹಳೆಯವು. 2019ರಲ್ಲಿ ಅವು ಯುನೆಸ್ಕೋ ಪಟ್ಟಿಗೆ ಸೇರಿದವು.

ಇದನ್ನೆಲ್ಲ ಬ್ರಿಟಿಷರು ಒಡೆತನ ಎಂದು ಎಣಿಸಲೇ ಇಲ್ಲ. ನೆಲ ಯಾರದ್ದೂ ಅಲ್ಲ, ಆದ್ದರಿಂದ ಬಾವುಟ ನೆಟ್ಟ ಕ್ಷಣದಿಂದ ಅದು ರಾಜನದ್ದು ಎಂದು ಹಿಡಿದರು. ಇದಕ್ಕೆ ಈಗ ಟೆರ್ರಾ ನಲಿಯಸ್ ಎಂಬ ಲ್ಯಾಟಿನ್ ಹೆಸರು ಬಳಸುತ್ತಾರೆ. ಹೆಸರು ಆಮೇಲೆ ರೂಢಿಗೆ ಬಂದದ್ದು, ನಡೆದುಕೊಂಡ ರೀತಿ ಮೊದಲಿನಿಂದಲೂ ಅದೇ.

ಇದಕ್ಕೆ 1835ರ ಒಂದು ಘಟನೆಗಿಂತ ಒಳ್ಳೆಯ ಸಾಕ್ಷಿ ಬೇಡ. ಜಾನ್ ಬ್ಯಾಟ್‌ಮನ್ ಎಂಬುವನು ಇಂದಿನ ಮೆಲ್ಬರ್ನ್ ಇರುವ ಜಾಗಕ್ಕೆ ಹೋಗಿ, ಅಲ್ಲಿನ ಕುಲಿನ್ ಜನರ ಹಿರಿಯರಿಗೆ ಕಂಬಳಿ, ಚಾಕು, ಕೊಡಲಿ, ಹಿಟ್ಟು ಕೊಟ್ಟು ಒಂದು ಪತ್ರಕ್ಕೆ ಗುರುತು ಹಾಕಿಸಿಕೊಂಡ. ಸುಮಾರು 6 ಲಕ್ಷ ಎಕರೆ ತನ್ನದಾಯಿತು ಎಂದ. ವ್ಯಾಪಾರ ಮೋಸದ್ದೇ, ಅನುಮಾನ ಬೇಡ. ಆದರೆ ಗವರ್ನರ್ ಬರ್ಕ್ ಆ ಪತ್ರ ರದ್ದು ಮಾಡಿದ್ದು ಮೋಸ ಎಂಬ ಕಾರಣಕ್ಕಲ್ಲ. ಈ ನೆಲ ರಾಜನದ್ದು, ಆದ್ದರಿಂದ ಕುಲಿನ್ ಜನರಿಗೆ ಇದನ್ನು ಮಾರುವ ಹಕ್ಕೇ ಇಲ್ಲ ಎಂಬುದು ಅವನ ಘೋಷಣೆ. ಒಪ್ಪಂದ ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಅಲ್ಲಿದೆ. ಸಹಿ ಹಾಕಿಸಿಕೊಂಡರೆ ಎದುರಿನವನು ಮಾಲೀಕ ಎಂದು ಒಪ್ಪಿದಂತಾಗುತ್ತದೆ.

ಇದರಿಂದ ಇನ್ನೊಂದು ಪರಿಣಾಮ ಆಯಿತು. ನೆಲ ರಾಜನದ್ದಾದರೆ ಅದರ ಮೇಲಿರುವ ಜನ ಯಾರು? ರಾಜನ ಪ್ರಜೆಗಳು. 1836ರ ಮರ್ರೆಲ್ ಪ್ರಕರಣದಲ್ಲಿ ಸಿಡ್ನಿಯ ಸುಪ್ರೀಂ ಕೋರ್ಟ್, ಮೂಲನಿವಾಸಿಗಳಿಗೂ ಬ್ರಿಟಿಷ್ ಕಾನೂನೇ ಅನ್ವಯ ಎಂದು ಹೇಳಿತು. ಪ್ರಜೆಗಳ ಮೇಲೆ ರಾಜ ಯುದ್ಧ ಸಾರುವುದಿಲ್ಲ. ಅವರು ತಿರುಗಿಬಿದ್ದರೆ ಅದು ಅಪರಾಧ. ಅವರನ್ನು ಯಾರಾದರೂ ಕೊಂದರೆ ಅದೂ ಅಪರಾಧ, ಕೊಲೆ. ಕಾಗದದ ಮೇಲೆ ಹೀಗಿತ್ತು.

ಕುರಿಗಳು ಬಂದವು

ಮೊದಲ 25 ವರ್ಷ ವಸಾಹತು ಸಿಡ್ನಿಯ ಸುತ್ತಮುತ್ತಲೇ ಇತ್ತು. ಆಗಲೇ ಸಂಘರ್ಷ ಶುರುವಾಗಿತ್ತು. ಬಿಡ್ಜಿಗಲ್ ಕುಲದ ಪೆಮುಲ್ವುಯ್ 1790ರಿಂದ 1802ರಲ್ಲಿ ಸಾಯುವವರೆಗೂ ಮೆಕ್ಕೆಜೋಳದ ಹೊಲಗಳಿಗೆ ಬೆಂಕಿ ಇಟ್ಟು, ದಾಳಿ ಮಾಡಿ ಹೋರಾಡಿದ. ಅವನನ್ನು ಕೊಂದು ತಲೆಯನ್ನು ಇಂಗ್ಲೆಂಡಿಗೆ ಕಳಿಸಿದರು. ಅದು ಎಲ್ಲಿದೆ ಎಂದು ಇವತ್ತಿಗೂ ಪತ್ತೆಯಾಗಿಲ್ಲ.

1813ರಲ್ಲಿ ಬ್ಲೂ ಮೌಂಟನ್ಸ್ ಬೆಟ್ಟಸಾಲು ದಾಟಲು ದಾರಿ ಸಿಕ್ಕಿತು. ಆಚೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಇಂಗ್ಲೆಂಡಿನ ಗಿರಣಿಗಳಿಗೆ ಉಣ್ಣೆ ಬೇಕಿತ್ತು. ಕುರಿ ಹೊಡೆದುಕೊಂಡು ಜನ ನುಗ್ಗಿದರು. ಸರ್ಕಾರ 1829ರಲ್ಲಿ ಒಂದು ಗಡಿ ಗೆರೆ ಎಳೆದು, ಇದರಾಚೆ ಹೋಗಬೇಡಿ ಎಂದಿತು. ಯಾರೂ ಕೇಳಲಿಲ್ಲ. ಗೆರೆ ದಾಟಿ ಕೂತವರಿಗೆ ಸ್ಕ್ವಾಟರ್ ಎಂಬ ಹೆಸರು ಬಂತು. ನಮ್ಮಲ್ಲಿ ಬಗರ್‌ಹುಕುಂ ಅನ್ನುತ್ತೇವಲ್ಲ, ಹುಕುಂ ಇಲ್ಲದೆ ಸಾಗುವಳಿ ಮಾಡಿ ಆಮೇಲೆ ಸಕ್ರಮಕ್ಕೆ ಅರ್ಜಿ ಹಾಕುವುದು, ಹೆಚ್ಚುಕಡಿಮೆ ಅದೇ ದಾರಿ. ವ್ಯತ್ಯಾಸ ದೊಡ್ಡದು. ಇಲ್ಲಿ ಬಡ ರೈತನ ಒಂದೆರಡು ಎಕರೆ, ಅಲ್ಲಿ ಹಣವಂತರ ಸಾವಿರಾರು ಎಕರೆ. 1836ರಲ್ಲಿ ಸರ್ಕಾರ ಸೋತು, ವರ್ಷಕ್ಕೆ 10 ಪೌಂಡ್ ಕಟ್ಟಿದರೆ ಗೆರೆಯಾಚೆ ಎಷ್ಟು ಬೇಕಾದರೂ ಕುರಿ ಮೇಯಿಸಿ ಎಂದು ಪರವಾನಗಿ ಕೊಟ್ಟಿತು.

ಫ್ರಂಟಿಯರ್ ಎಂದು ಇಂಗ್ಲಿಷಿನಲ್ಲಿ ಹೇಳುವುದು ಇದನ್ನೇ. ನಕಾಶೆಯಲ್ಲಿ ನಿಂತಲ್ಲೇ ನಿಲ್ಲುವ ಗಡಿ ಅಂದುಕೊಳ್ಳಬೇಡಿ. ಕುರಿಮಂದೆ ಮುಂದೆ ಹೋದಷ್ಟೂ ಅದು ಮುಂದೆ ಸರಿಯುತ್ತಿತ್ತು. ಅದಕ್ಕೇ ಈ ಸಂಘರ್ಷ 140 ವರ್ಷ ಎಳೆಯಿತು. ಸಿಡ್ನಿಯಲ್ಲಿ ಮುಗಿದು ಎಷ್ಟೋ ಕಾಲವಾದ ಮೇಲೆ ಉತ್ತರದ ಕ್ವೀನ್ಸ್‌ಲೆಂಡಿನಲ್ಲಿ ಆಗಷ್ಟೇ ಶುರುವಾಗುತ್ತಿತ್ತು.

ಕುರಿ ಮೇದರೆ ಜಗಳ ಯಾಕೆ ಎಂದು ಕೇಳಬಹುದು. ಮುರ್ನಾಂಗ್ ಎಂಬ ಗೆಡ್ಡೆಯನ್ನು ನೋಡಿ. ಹಳದಿ ಹೂ ಬಿಡುವ ಸಣ್ಣ ಗಿಡ, ಕೆಳಗೆ ಬೆರಳುದ್ದದ ಸಿಹಿ ಗೆಡ್ಡೆ. ಆಗ್ನೇಯ ಆಸ್ಟ್ರೇಲಿಯಾದ ಹೆಂಗಸರು ಕೋಲಿನಿಂದ ಅಗೆದು, ಮಣ್ಣು ಸಡಿಲ ಮಾಡಿ, ಕೆಲವನ್ನು ಅಲ್ಲೇ ಬಿಟ್ಟು ಬರುತ್ತಿದ್ದರು. ಮುಂದಿನ ವರ್ಷ ಮತ್ತೆ ಬೆಳೆಯುತ್ತಿತ್ತು. ಅಲ್ಲಿಯವರಿಗೆ ಅದು ನಮ್ಮ ರಾಗಿ ಇದ್ದ ಹಾಗೆ. ಕುರಿಗಳಿಗೆ ಅದರ ರುಚಿ ಹತ್ತಿತು. ಎಲೆ ತಿಂದವು, ಗೆಡ್ಡೆಯನ್ನೂ ಕಿತ್ತು ತಿಂದವು. ಗೊರಸು ತುಳಿದು ಮಣ್ಣು ಗಟ್ಟಿಯಾಯಿತು. ಕೆಲವೇ ವರ್ಷದಲ್ಲಿ ಎಷ್ಟೋ ಬಯಲುಗಳಲ್ಲಿ ಮುರ್ನಾಂಗ್ ಕಾಣದಾಯಿತು. ನೀರಿನ ಹೊಂಡಗಳ ಹತ್ತಿರ ದನ ನಿಂತವು. ಕಾಂಗರೂಗಳು ದೂರ ಹೋದವು. ಹಸಿದವರು ಕುರಿ ಹಿಡಿದು ತಿಂದರೆ ಅದು ಕಳ್ಳತನ. ಅದಕ್ಕೆ ಉತ್ತರ ಗುಂಡು.

ಇನ್ನೊಂದು ಕಾರಣವನ್ನು ಹೇಳದೆ ಬಿಡಬಾರದು. ದೂರದ ಕುರಿದೊಡ್ಡಿಗಳಲ್ಲಿ ಇದ್ದವರು ಬಹುತೇಕ ಒಂಟಿ ಗಂಡಸರು, ಅದರಲ್ಲೂ ಕೈದಿಗಳು. ಅವರು ಮೂಲನಿವಾಸಿ ಹೆಂಗಸರನ್ನು ಹೊತ್ತೊಯ್ದದ್ದು, ಕೆಡಿಸಿದ್ದು ಎಷ್ಟೋ ದಾಳಿಗಳ ಹಿಂದಿನ ನಿಜವಾದ ಕಾರಣ. ಹೆಂಗಸಿಗಾಗಿ ನಡೆದ ಪ್ರತೀಕಾರವನ್ನು ಪತ್ರಿಕೆಗಳು ಕಾಡುಜನರ ಹಲ್ಲೆ ಎಂದು ಬರೆದವು.

ಹೋರಾಟದ ರೀತಿ

ಮೂಲನಿವಾಸಿಗಳು ಸುಮ್ನೆ ಸೋತರು ಎಂಬ ಕಲ್ಪನೆ ತಪ್ಪು. ಆ ಕಾಲದ ಮಸ್ಕೆಟ್ ಬಂದೂಕಿಗೆ ಒಂದು ಗುಂಡು ಹಾರಿಸಿ ಮತ್ತೆ ಮದ್ದು ತುಂಬುವಷ್ಟರಲ್ಲಿ ಪಳಗಿದ ಕೈ ಹಲವು ಈಟಿ ಎಸೆಯುತ್ತಿತ್ತು. ಮಳೆ ಬಂದರೆ ಮದ್ದು ಒದ್ದೆ, ಬಂದೂಕು ಬರೀ ಕೋಲು. ಕಾಡು ಅವರದ್ದು, ದಾರಿ ಅವರಿಗೆ ಗೊತ್ತು. ಸಣ್ಣ ಗುಂಪಾಗಿ ಬಂದು, ಗುಡಿಸಲಿಗೆ ಬೆಂಕಿ ಹಚ್ಚಿ, ಕುರಿಗಳನ್ನು ಚದುರಿಸಿ ಮಾಯವಾಗುತ್ತಿದ್ದರು. ಬ್ಲೂ ಮೌಂಟನ್ಸ್ ಆಚೆಯ ಬ್ಯಾಥರ್ಸ್ಟ್ ಸುತ್ತ ವಿರಾಡ್ಜುರಿ ಜನರ ನಾಯಕ ವಿಂಡ್ರಡೈನ್ ಎಷ್ಟು ತೊಂದರೆ ಕೊಟ್ಟನೆಂದರೆ 1824ರ ಆಗಸ್ಟಿನಲ್ಲಿ ಗವರ್ನರ್ ಬ್ರಿಸ್ಬೇನ್ ಅಲ್ಲಿ ಸೈನಿಕ ಕಾನೂನು ಹೇರಬೇಕಾಯಿತು. ಪ್ರಜೆಗಳೊಂದಿಗೆ ಯುದ್ಧವಿಲ್ಲ ಎನ್ನುವ ಸರ್ಕಾರ ಸೈನಿಕ ಕಾನೂನು ಹೇರುತ್ತದೆ. ಕಾಗದಕ್ಕೂ ನೆಲಕ್ಕೂ ಇರುವ ಅಂತರ ಇಲ್ಲಿ ನೇರವಾಗಿ ಕಾಣುತ್ತದೆ.

ಟಾಸ್ಮೇನಿಯಾದಲ್ಲಿ 1820ರ ದಶಕದಲ್ಲಿ ನಡೆದದ್ದನ್ನು ಆ ಕಾಲದವರೇ ಕಪ್ಪು ಯುದ್ಧ ಎಂದು ಕರೆದರು. ಇನ್ನೂರಕ್ಕೂ ಹೆಚ್ಚು ವಸಾಹತುಗಾರರು ಸತ್ತರು. ಮೂಲನಿವಾಸಿಗಳು ಅದಕ್ಕಿಂತ ಎಷ್ಟೋ ಹೆಚ್ಚು. 1830ರಲ್ಲಿ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಜಾರ್ಜ್ ಆರ್ಥರ್ ಸುಮಾರು 2,200 ಜನರನ್ನು ಸಾಲಾಗಿ ನಿಲ್ಲಿಸಿದ. ಬೇಟೆಯಲ್ಲಿ ಕಾಡನ್ನು ಸುತ್ತುವರಿದು ಪ್ರಾಣಿ ಓಡಿಸುವ ಹಾಗೆ ದ್ವೀಪದ ಅಡ್ಡಗಲಕ್ಕೂ ನಡೆಸಿದ. ವಾರಗಟ್ಟಲೆ ನಡೆದ ಆ ಸಾಲಿಗೆ ಸಿಕ್ಕಿದ್ದು ಇಬ್ಬರು, ಸತ್ತದ್ದು ಇಬ್ಬರು. ಉಳಿದವರು ಸಾಲಿನ ಸಂದಿಯಲ್ಲೇ ನುಸುಳಿ ಹೋದರು. ಆದರೆ ಅಷ್ಟರಲ್ಲಿ ಅವರ ಸಂಖ್ಯೆ ತುಂಬ ಇಳಿದಿತ್ತು. ಮಾತುಕತೆಯಿಂದ, ಭರವಸೆಯಿಂದ ಉಳಿದವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಿದರು. ಅಲ್ಲಿ ಕಾಯಿಲೆಯಿಂದ ಸತ್ತವರೇ ಹೆಚ್ಚು. 1847ರಲ್ಲಿ ವಾಪಸ್ ಕರೆತಂದಾಗ ಉಳಿದಿದ್ದವರು 47. ಟಾಸ್ಮೇನಿಯಾದ ಮೂಲನಿವಾಸಿಗಳೆಲ್ಲ ಅಳಿದುಹೋದರು ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಅದು ಸುಳ್ಳು. ಅವರ ವಂಶದವರು ಇವತ್ತಿಗೂ ಅಲ್ಲಿದ್ದಾರೆ.

ರೋಗದ ಪಾತ್ರವೂ ದೊಡ್ಡದು. 1789ರಲ್ಲಿ ಸಿಡ್ನಿಯ ಸುತ್ತ ಸಿಡುಬು ಬಂದಾಗ ಅಲ್ಲಿನ ಮೂಲನಿವಾಸಿಗಳಲ್ಲಿ ಅರ್ಧದಷ್ಟು ಜನ ಸತ್ತರು ಎಂದು ಗವರ್ನರ್ ಫಿಲಿಪ್ ಅಂದಾಜು ಮಾಡಿದ್ದ. ಎಷ್ಟೋ ಕಡೆ ಕುರಿಗಳು ಬರುವ ಮುಂಚೆಯೇ ಕುಲಗಳು ಸೊರಗಿದ್ದವು.

ಮಯಾಲ್ ಕ್ರೀಕ್, 1838ರ ಜೂನ್ 10

ಈ ಇಡೀ ಚರಿತ್ರೆಯಲ್ಲಿ ಒಂದೇ ಒಂದು ಕಡೆ ನಿಂತು ಹತ್ತಿರದಿಂದ ನೋಡಬೇಕೆಂದರೆ ನಾನು ಇಲ್ಲಿ ನಿಲ್ಲುತ್ತೇನೆ. ಯಾಕೆಂದರೆ ಇಲ್ಲಿ ಕೋರ್ಟಿನ ಸಾಕ್ಷ್ಯ ಉಳಿದಿದೆ.

ಮಯಾಲ್ ಕ್ರೀಕ್ ಸಿಡ್ನಿಯಿಂದ ಉತ್ತರಕ್ಕೆ ನೂರಾರು ಕಿಲೋಮೀಟರ್ ದೂರ, ಗೆರೆಯಾಚೆಯ ನೆಲ. ಹೆನ್ರಿ ಡೇಂಗರ್ ಎಂಬ ಸಿರಿವಂತ ಅಲ್ಲಿ ದನ ಸಾಕುವ ದೊಡ್ಡ ಜಾಗ, ಅಲ್ಲಿಯವರ ಮಾತಿನಲ್ಲಿ ಸ್ಟೇಷನ್, ಇಟ್ಟಿದ್ದ. ಕಮಿಲರೋಯ್ ಭಾಷೆಯ ವಿರ್ರಾಯರಾಯ್ ಜನರ ಒಂದು ಗುಂಪು ಕೆಲವು ವಾರಗಳಿಂದ ಆ ಸ್ಟೇಷನ್ನಿನ ಗುಡಿಸಲುಗಳ ಪಕ್ಕದಲ್ಲೇ ಬಿಡಾರ ಹೂಡಿತ್ತು. ಅವರನ್ನು ಕರೆದವನು ಚಾರ್ಲ್ಸ್ ಕಿಲ್ಮೈಸ್ಟರ್ ಎಂಬ ಕೈದಿ ಆಳು. ಸುತ್ತ ಕುದುರೆ ಏರಿದ ಗುಂಪುಗಳು ಮೂಲನಿವಾಸಿಗಳನ್ನು ಬೇಟೆಯಾಡುತ್ತಿದ್ದ ಕಾಲ ಅದು. ಬಿಳಿಯರ ಪಕ್ಕ ಇದ್ದರೆ ಕ್ಷೇಮ ಎಂದು ಅವರು ನಂಬಿದ್ದರು. ಸಂಜೆ ಹಾಡು, ಕುಣಿತ ನಡೆಯುತ್ತಿತ್ತು. ಕಿಲ್ಮೈಸ್ಟರನೂ ಜೊತೆಗಿರುತ್ತಿದ್ದ. ಸ್ಟೇಷನ್ನಿನವರು ಅವರಿಗೆ ತಮ್ಮ ಬಾಯಿಗೆ ಬಂದ ಹೆಸರಿಟ್ಟಿದ್ದರು. ದೊಡ್ಡ ಮೈಕಟ್ಟಿನ ಒಬ್ಬ ಮುದುಕನಿಗೆ ಡ್ಯಾಡಿ. ಒಬ್ಬ ಪುಟ್ಟ ಹುಡುಗನಿಗೆ ಚಾರ್ಲಿ.

ಜೂನ್ 10ರ ಭಾನುವಾರ ಸಂಜೆಯ ಹೊತ್ತಿಗೆ ಸುಮಾರು ಹನ್ನೆರಡು ಕುದುರೆ ಸವಾರರ ಗುಂಪು ಬಂತು. ಬಂದೂಕು, ಪಿಸ್ತೂಲು, ಕತ್ತಿ ಇತ್ತು. ವಿರ್ರಾಯರಾಯ್ ತರುಣರಲ್ಲಿ ಹತ್ತು ಮಂದಿ ಮರದ ತೊಗಟೆ ಸುಲಿಯುವ ಕೆಲಸಕ್ಕೆ ಪಕ್ಕದ ಸ್ಟೇಷನ್ನಿಗೆ ಹೋಗಿದ್ದರು. ಮೇಲ್ವಿಚಾರಕ ವಿಲಿಯಂ ಹಾಬ್ಸ್ ಊರಲ್ಲಿರಲಿಲ್ಲ. ಉಳಿದವರು ಮುದುಕರು, ಹೆಂಗಸರು, ಮಕ್ಕಳು. ಅವರು ಓಡಿ ಹೋಗಿ ಜಾರ್ಜ್ ಆಂಡರ್ಸನ್ ಎಂಬುವನ ಗುಡಿಸಲು ಹೊಕ್ಕರು. ಆಂಡರ್ಸನ್ ಕೂಡ ಕೈದಿಯೇ, ಗುಡಿಸಲು ನೋಡಿಕೊಳ್ಳುವವನು. ಏನು ಮಾಡುತ್ತೀರಿ ಎಂದು ಅವನು ಕೇಳಿದ. ಗುಡ್ಡದ ಹಿಂದಕ್ಕೆ ಕರೆದೊಯ್ದು ಹೆದರಿಸುತ್ತೇವೆ ಎಂದ ಸವಾರರಲ್ಲಿ ಒಬ್ಬನಾದ ಜಾನ್ ರಸೆಲ್.

ಕುದುರೆ ಕಟ್ಟುವ ಉದ್ದನೆಯ ಹಗ್ಗ ಬಿಚ್ಚಿ ಅವರನ್ನೆಲ್ಲ ಒಂದೇ ಸಾಲಿಗೆ ಕಟ್ಟಿದರು. ತೀರಾ ಸಣ್ಣ ಮಕ್ಕಳನ್ನು ಕಟ್ಟಬೇಕಾಗಿರಲಿಲ್ಲ, ಅವು ತಾಯಂದಿರ ಹಿಂದೆಯೇ ಹೋದವು. ಸಾಲು ಅಳುತ್ತಾ ಹೋಯಿತು. ಕಿಲ್ಮೈಸ್ಟರ್ ತನ್ನ ಪಿಸ್ತೂಲು ತೆಗೆದುಕೊಂಡು ಕುದುರೆ ಏರಿ ಕೊಂದವರ ಜೊತೆಗೇ ಹೋದ. ಸ್ವಲ್ಪ ಹೊತ್ತಿನಲ್ಲಿ ಆಂಡರ್ಸನ್ನಿಗೆ ಎರಡು ಗುಂಡಿನ ಸದ್ದು ಕೇಳಿತು. ಎರಡೇ. ಉಳಿದವರನ್ನು ಕತ್ತಿಯಿಂದ ಕೊಂದಿದ್ದರು. ಕನಿಷ್ಠ 28 ಜನ. ಮುಂದಿನ ದಿನಗಳಲ್ಲಿ ಗುಂಪು ವಾಪಸ್ ಬಂದು ಕಟ್ಟಿಗೆ ಒಟ್ಟಿ ಹೆಣಗಳನ್ನು ಸುಟ್ಟಿತು.

ಇಷ್ಟಕ್ಕೆ ಮುಗಿದಿದ್ದರೆ ನಮಗೆ ಈ ಕಥೆ ಗೊತ್ತೇ ಆಗುತ್ತಿರಲಿಲ್ಲ. ಇಂಥವು ಬೇರೆ ಕಡೆ ನಡೆದಾಗ ಹಾಗೇ ಮುಚ್ಚಿಹೋದವು. ಇಲ್ಲಿ ಹಾಬ್ಸ್ ವಾಪಸ್ ಬಂದ, ಜಾಗ ನೋಡಿದ, ದೂರು ಕೊಟ್ಟ. ಗವರ್ನರ್ ಜಾರ್ಜ್ ಗಿಪ್ಸ್ ಹೊಸದಾಗಿ ಬಂದವನು, ಲಂಡನ್ನಿನಿಂದ ಮೂಲನಿವಾಸಿಗಳನ್ನು ಕಾಪಾಡಬೇಕೆಂಬ ಸೂಚನೆ ಹೊತ್ತು ಬಂದಿದ್ದ. ಮ್ಯಾಜಿಸ್ಟ್ರೇಟ್ ಎಡ್ವರ್ಡ್ ಡೆನ್ನಿ ಡೇ ವಾರಗಟ್ಟಲೆ ತಿರುಗಿ 11 ಜನರನ್ನು ಹಿಡಿದ. ಗುಂಪಿನಲ್ಲಿ ಎಂದೂ ಕೈದಿಯಾಗಿರದ ಒಬ್ಬನೇ ಮನುಷ್ಯ, ಜಮೀನ್ದಾರರ ಮನೆತನದ ಜಾನ್ ಫ್ಲೆಮಿಂಗ್, ತಪ್ಪಿಸಿಕೊಂಡ. ಅವನಿಗೆ ಎಂದೂ ಶಿಕ್ಷೆಯಾಗಲಿಲ್ಲ. ಸಿಕ್ಕವರೆಲ್ಲ ಕೈದಿಗಳು ಅಥವಾ ಮಾಜಿ ಕೈದಿಗಳು.

ಮೊದಲ ವಿಚಾರಣೆ ನವೆಂಬರ್ 15ಕ್ಕೆ. ಕಾನೂನು ತನ್ನ ಹೆಣಿಗೆಯಲ್ಲೇ ಹೇಗೆ ಸಿಕ್ಕಿಬಿದ್ದಿತ್ತು ನೋಡಿ. ಕೊಲೆಯನ್ನು ಕಂಡವನು ಒಬ್ಬನಿದ್ದ, ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದ ಯಿಂಟಾಯಿಂಟಿನ್ ಎಂಬ ಮೂಲನಿವಾಸಿ. ಎಲ್ಲರೂ ಅವನನ್ನು ಡೇವಿ ಎನ್ನುತ್ತಿದ್ದರು. ಅವನು ಹಿಂದೆಯೇ ಹೋಗಿ ಮರೆಯಲ್ಲಿ ನಿಂತು ನೋಡಿದ್ದ. ಅವನ ಸಾಕ್ಷಿ ಕೋರ್ಟಿಗೆ ಬೇಡ. ಕ್ರೈಸ್ತನಲ್ಲದವನು ಬೈಬಲ್ ಮುಟ್ಟಿ ಪ್ರಮಾಣ ಮಾಡಲಾರ, ಪ್ರಮಾಣ ಮಾಡದವನ ಮಾತು ಸಾಕ್ಷಿಯಲ್ಲ. ಈ ನಿಯಮ ನ್ಯೂ ಸೌತ್ ವೇಲ್ಸಿನಲ್ಲಿ 1876ರವರೆಗೂ ಇತ್ತು. ಬಿಳಿಯನೊಬ್ಬ ಬಾಯಿಬಿಡದಿದ್ದರೆ ಮೂಲನಿವಾಸಿಯ ಕೊಲೆ ಕೋರ್ಟಿನ ಲೆಕ್ಕಕ್ಕೆ ಬರುವಂತೆಯೇ ಇರಲಿಲ್ಲ. ಇಲ್ಲಿ ಆಂಡರ್ಸನ್ ಬಾಯಿಬಿಟ್ಟ. ತನ್ನ ಜೊತೆಯವರ ವಿರುದ್ಧ, ತನ್ನ ಧಣಿಗೆ ಇಷ್ಟವಿಲ್ಲದಿದ್ದರೂ, ಕೈದಿಯೊಬ್ಬ ಹೀಗೆ ನಿಂತದ್ದು ಸಣ್ಣ ಮಾತಲ್ಲ.

ಮತ್ತೊಂದು ತೊಡಕು ಹೆಣದ್ದು. ಕೊಲೆ ಎನ್ನಲು ಸತ್ತವನು ಇಂಥವನೇ ಎಂದು ತೋರಿಸಬೇಕು. ಆರೋಪ ಇದ್ದದ್ದು ಡ್ಯಾಡಿಯ ಕೊಲೆ ಎಂದು. ಸುಟ್ಟ ರಾಶಿಯಲ್ಲಿ ಕಂಡ ದೊಡ್ಡ ದೇಹ ಅವನದ್ದೇ ಎಂದು ಹೇಗೆ ಖಾತ್ರಿ ಮಾಡುತ್ತೀರಿ ಎಂದು ವಕೀಲರು ಕೇಳಿದರು. ಆ ವಕೀಲರ ಖರ್ಚಿಗೆ ಜಮೀನ್ದಾರರು ಸಂಘ ಕಟ್ಟಿ ಹಣ ಹಾಕಿದ್ದರು. ಕಪ್ಪಗಿರಲಿ ಬಿಳಿಯಿರಲಿ ಕಾನೂನಿಗೆ ಭೇದವಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಡೌಲಿಂಗ್ ಜ್ಯೂರಿಗೆ ಹೇಳಿದ. ಜ್ಯೂರಿ ಹೊರಗೆ ಹೋಗಿ ಸುಮಾರು 15 ನಿಮಿಷದಲ್ಲಿ ವಾಪಸ್ ಬಂದು, ನಿರಪರಾಧಿಗಳು ಎಂದಿತು.

ಅಟಾರ್ನಿ ಜನರಲ್ ಜಾನ್ ಹ್ಯೂಬರ್ಟ್ ಪ್ಲಂಕೆಟ್ ಅಲ್ಲಿಗೆ ಬಿಡಲಿಲ್ಲ. ಅದೇ ಕ್ಷಣ ಅವರನ್ನು ಮತ್ತೆ ಜೈಲಿಗೆ ಕಳಿಸಲು ಕೇಳಿದ. ಈ ಬಾರಿ ಏಳು ಜನರ ಮೇಲೆ, ಒಂದು ಮಗುವಿನ ಕೊಲೆಯ ಆರೋಪ. ಕೊಂದದ್ದು ಅದೇ ಜನ, ಅದೇ ದಿನ. ಆದರೆ ಬೇರೆ ಜೀವ, ಆದ್ದರಿಂದ ಬೇರೆ ಮೊಕದ್ದಮೆ. ನ್ಯಾಯಮೂರ್ತಿ ಬರ್ಟನ್ ಎದುರು, ಬೇರೆ ಜ್ಯೂರಿ ಅವರನ್ನು ತಪ್ಪಿತಸ್ಥರು ಎಂದಿತು. 1838ರ ಡಿಸೆಂಬರ್ 18ರಂದು ಸಿಡ್ನಿ ಜೈಲಿನಲ್ಲಿ ಏಳು ಜನರನ್ನು ಗಲ್ಲಿಗೇರಿಸಿದರು. ಕಿಲ್ಮೈಸ್ಟರ್, ರಸೆಲ್ ಇಬ್ಬರೂ ಅದರಲ್ಲಿದ್ದರು. ಉಳಿದ ನಾಲ್ವರ ವಿರುದ್ಧ, ಡೇವಿಗೆ ಪ್ರಮಾಣದ ಅರ್ಥ ಕಲಿಸಿ ಸಾಕ್ಷಿ ಹೇಳಿಸಬೇಕೆಂದಿದ್ದರು, ಅದಾಗದೆ ಅವರನ್ನು ಬಿಟ್ಟರು. ಅಷ್ಟರಲ್ಲಿ ಡೇವಿ ಕಾಣೆಯಾಗಿದ್ದ. ಹಾಬ್ಸ್ ಕೆಲಸ ಕಳೆದುಕೊಂಡ.

ಸಾಯುವ ಮುಂಚೆ ಆ ಏಳು ಜನ ತಪ್ಪೊಪ್ಪಿಕೊಂಡರು ಎಂದು ಗಿಪ್ಸ್ ಲಂಡನ್ನಿಗೆ ಬರೆದ. ಮೂಲನಿವಾಸಿಗಳನ್ನು ಕೊಂದರೆ ಅದು ಕಾನೂನಿಗೆ ವಿರುದ್ಧ ಎಂದು ತಮಗೆ ಗೊತ್ತೇ ಇರಲಿಲ್ಲ, ಹಿಂದೆ ಅಷ್ಟು ಸಲ ಹಾಗೆ ಮಾಡಿಯಾಗಿತ್ತು ಎಂಬುದು ಅವರ ಮಾತು. ನಾನು ಈ ಮಾತನ್ನು ನಂಬುತ್ತೇನೆ. ಅದೇ ವರ್ಷ ಜನವರಿ 26ರಂದು, ವಸಾಹತಿಗೆ ಸರಿಯಾಗಿ 50 ವರ್ಷ ತುಂಬಿದ ದಿನ, ಅಲ್ಲಿಂದ ಹೆಚ್ಚು ದೂರವಿಲ್ಲದ ವಾಟರ್‌ಲೂ ಕ್ರೀಕಿನಲ್ಲಿ ಮೇಜರ್ ಜೇಮ್ಸ್ ನನ್ ಸರ್ಕಾರಿ ಕುದುರೆ ಪೊಲೀಸರೊಂದಿಗೆ ಅದೇ ಕಮಿಲರೋಯ್ ಜನರನ್ನು ಕೊಂದಿದ್ದ. ಅವನಿಗೆ ಏನೂ ಆಗಲಿಲ್ಲ. ಸರ್ಕಾರದ ಮೇಜರ್ ಮಾಡಿದ್ದನ್ನೇ ಕೈದಿ ಆಳುಗಳು ಮಾಡಿದರು, ಮತ್ತು ಅವರು ನೇಣಿಗೆ ಹೋದರು.

ಅದರ ನಂತರ

ಗಲ್ಲು ಶಿಕ್ಷೆಯಿಂದ ಕೊಲೆ ನಿಲ್ಲಲಿಲ್ಲ. ಮಾತಾಡುವುದು ನಿಂತಿತು. ಸಾಕ್ಷಿಯಾಗಬಲ್ಲ ಬಿಳಿಯನ ಮುಂದೆ ಯಾರೂ ಇಂಥದ್ದನ್ನು ಮಾಡುವುದಿಲ್ಲ, ಮಾಡಿದರೂ ಹೇಳುವುದಿಲ್ಲ. 1842ರಲ್ಲಿ ಕಿಲ್ಕಾಯ್ ಎಂಬಲ್ಲಿ ವಿಷ ಬೆರೆಸಿದ ಹಿಟ್ಟು ತಿಂದು ಹಲವಾರು ಜನ ಸತ್ತ ಸುದ್ದಿ ಬಂತು. ಹಿಟ್ಟು ಕೊಟ್ಟವನ ಕೈ ಯಾರಿಗೂ ಕಾಣುವುದಿಲ್ಲ.

ಉತ್ತರದಲ್ಲಿ 1848ರಿಂದ ನೇಟಿವ್ ಪೊಲೀಸ್ ಎಂಬ ಪಡೆ ಬಂತು. ಬಿಳಿಯ ಅಧಿಕಾರಿ, ಅವನ ಕೈಕೆಳಗೆ ದೂರದ ಸೀಮೆಗಳಿಂದ ತಂದ ಮೂಲನಿವಾಸಿ ಸವಾರರು. ಅವರಿಗೆ ಅಲ್ಲಿನ ಭಾಷೆ ಬೇರೆ, ನಂಟಿಲ್ಲ. ಒಬ್ಬ ಅಳಿದುಳಿದ ಕುಲದವನನ್ನು ಇನ್ನೊಂದು ಕುಲದ ಮೇಲೆ ಬಿಡುವ ಈ ವ್ಯವಸ್ಥೆ ಕ್ವೀನ್ಸ್‌ಲೆಂಡಿನಲ್ಲಿ ದಶಕಗಟ್ಟಲೆ ನಡೆಯಿತು. ವರದಿಯಲ್ಲಿ ಕೊಂದೆವು ಎಂದು ಬರೆಯುತ್ತಿರಲಿಲ್ಲ, ಚದುರಿಸಿದೆವು ಎಂದು ಬರೆಯುತ್ತಿದ್ದರು. ಅಷ್ಟರಲ್ಲಿ ಬೇಗ ಮದ್ದು ತುಂಬುವ ಹೊಸ ಬಂದೂಕುಗಳೂ ಬಂದಿದ್ದವು, ಈಟಿಗೆ ಇದ್ದ ಅನುಕೂಲ ಹೋಗಿತ್ತು.

ವಸಾಹತುಗಾರರ ಕಡೆಯೂ ಸಾವುಗಳು ಘೋರವಾಗಿದ್ದವು. 1857ರಲ್ಲಿ ಹಾರ್ನೆಟ್ ಬ್ಯಾಂಕಿನಲ್ಲಿ ಯಿಮನ್ ಜನ 11 ಜನರನ್ನು ಕೊಂದರು. 1861ರಲ್ಲಿ ಕಲಿನ್-ಲಾ-ರಿಂಗೋದಲ್ಲಿ ಮಕ್ಕಳೂ ಸೇರಿ 19 ಜನ ಸತ್ತರು. ಆ ಕುಟುಂಬಗಳ ದುಃಖ ನಿಜವಾದದ್ದು. ಆದರೆ ಇಂಥ ದಾಳಿಗಳ ನಂತರ ಸೇಡು ಸಿಕ್ಕ ಸಿಕ್ಕವರ ಮೇಲೆ ತಿರುಗಿತು, ಸತ್ತವರಿಗಿಂತ ಎಷ್ಟೋ ಪಟ್ಟು ಹೆಚ್ಚು ಮೂಲನಿವಾಸಿಗಳು ಸತ್ತರು. ಕೊನೆಯ ದೊಡ್ಡ ಹತ್ಯೆ 1928ರಲ್ಲಿ, ನಾರ್ದರ್ನ್ ಟೆರಿಟರಿಯ ಕೋನಿಸ್ಟನ್ ಸುತ್ತ. ಕಾನ್‌ಸ್ಟೇಬಲ್ ಜಾರ್ಜ್ ಮರ್ರೆಯ ತಂಡ ಕೊಂದದ್ದು 31 ಜನ ಎಂದು ಅಧಿಕೃತ ಲೆಕ್ಕ. ವಿಚಾರಣೆ ಅದನ್ನು ಆತ್ಮರಕ್ಷಣೆ ಎಂದಿತು.

ಒಟ್ಟು ಎಷ್ಟು ಜನ? ಯುದ್ಧವೇ ಅಲ್ಲ ಎಂದಮೇಲೆ ಯಾರೂ ಎಣಿಸಿರಲಿಲ್ಲ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇತಿಹಾಸಕಾರ್ತಿ ಲಿಂಡಲ್ ರಯಾನ್ ಮತ್ತು ಅವರ ತಂಡ ಹಳೆಯ ಕಡತ, ಪತ್ರ, ಡೈರಿ, ಪತ್ರಿಕೆಗಳನ್ನು ಜಾಲಾಡಿ ಒಂದು ನಕಾಶೆ ಮಾಡಿದರು. ಕಾಪಾಡಿಕೊಳ್ಳಲಾಗದ 6 ಅಥವಾ ಹೆಚ್ಚು ಜನರನ್ನು ಒಂದೇ ಸಲ ಕೊಂದದ್ದನ್ನು ಮಾತ್ರ ಅದಕ್ಕೆ ಸೇರಿಸಿದರು. 400ಕ್ಕೂ ಹೆಚ್ಚು ಜಾಗಗಳು, 10,000ಕ್ಕೂ ಹೆಚ್ಚು ಸಾವು ಸಿಕ್ಕವು. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಸತ್ತವರು ಆ ಲೆಕ್ಕದಲ್ಲಿಲ್ಲ.

1992ರ ಜೂನ್ 3ರಂದು ಮಾಬೋ ಪ್ರಕರಣದಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್, ಬ್ರಿಟಿಷರು ಬರುವ ಮುಂಚೆ ನೆಲಕ್ಕೆ ಒಡೆಯರಿದ್ದರು ಎಂದು ಒಪ್ಪಿಕೊಂಡಿತು. ಮೊಕದ್ದಮೆ ಹೂಡಿದ್ದ ಎಡ್ಡಿ ಮಾಬೋ ಅದಕ್ಕೆ ಕೆಲವೇ ತಿಂಗಳ ಮುಂಚೆ ತೀರಿಕೊಂಡಿದ್ದರು. ದೇಶದ ಮಟ್ಟದಲ್ಲಿ ಒಪ್ಪಂದ ಇನ್ನೂ ಆಗಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ಶಾಲೆಯ ಸಮಾರಂಭ, ಕಚೇರಿಯ ಸಭೆ ಶುರುವಾಗುವಾಗ ಈ ನೆಲದ ಮೂಲ ಒಡೆಯರನ್ನು ನೆನೆಯುತ್ತಾರೆ. ಅಲ್ಲಿರುವ ನಮ್ಮ ಎಷ್ಟೋ ಕನ್ನಡಿಗರು ವಾರಕ್ಕೊಮ್ಮೆಯಾದರೂ ಕೇಳುವ ಮಾತು ಅದು. ಅದರ ಹಿಂದೆ ಇರುವುದು ಈ ಚರಿತ್ರೆ.

2000ದ ಜೂನ್ 10ರಂದು ಮಯಾಲ್ ಕ್ರೀಕಿನಲ್ಲಿ ಒಂದು ಸ್ಮಾರಕ ತೆರೆದರು. ಕೆಮ್ಮಣ್ಣಿನ ಬಣ್ಣದ ಕಾಲುದಾರಿ, ದಾರಿಯುದ್ದಕ್ಕೂ ಬರಹವಿರುವ ಬಂಡೆಗಳು, ಕೊನೆಗೆ ಏರಿನ ಮೇಲೆ ದೊಡ್ಡ ಬಂಡೆ. ಕೊಂದವರ ವಂಶದವರೂ ಸತ್ತವರ ಕುಲದವರೂ ಒಟ್ಟಿಗೆ ನಿಂತು ಅದನ್ನು ಕಟ್ಟಲು ದುಡಿದರು. ಪ್ರತಿವರ್ಷ ಜೂನ್‌ನಲ್ಲಿ ಇಬ್ಬರೂ ಕೂಡಿ ಆ ದಾರಿ ನಡೆಯುತ್ತಾರೆ. 2005ರ ಜನವರಿಯಲ್ಲಿ ಯಾರೋ ಬಂದು ಬರಹದ ಮೇಲೆ ಹೊಡೆದು ಕೆಲವು ಪದಗಳನ್ನು ಮಾತ್ರ ಕೆತ್ತಿ ಹಾಕಿದ್ದರು. ಕೊಲೆ ಎಂಬ ಪದ. ಹೆಂಗಸರು ಎಂಬ ಪದ. ಮಕ್ಕಳು ಎಂಬ ಪದ. ಅವನ್ನು ಮತ್ತೆ ಬರೆಸಿದರು.